ಒಂಬತ್ತು ವರ್ಷದ ಮಗ ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಾನೆ, ವೈದ್ಯರನ್ನು ಯಾವಾಗ ಕಾಣಬೇಕು?

ಹೇಮಾವತಿ_ತೀರ
ನಮ್ಮ ಮಗನಿಗೆ ಈಗ ಒಂಬತ್ತು ವರ್ಷ. ನಾಲ್ಕು ತುಂಬುವ ಮೊದಲೇ ಅವನು ರಾತ್ರಿ ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವುದನ್ನು ಪೂರ್ತಿಯಾಗಿ ಬಿಟ್ಟಿದ್ದ. ಕಳೆದ ಕೆಲವು ವಾರಗಳಿಂದ ಮತ್ತೆ ಆಗಾಗ ಹಾಸಿಗೆ ಒದ್ದೆಯಾಗುತ್ತಿದೆ. ನಾನು ಎಬ್ಬಿಸುವ ಮೊದಲೇ ಎದ್ದು ಚಡ್ಡಿ ಬದಲಿಸಿಕೊಂಡು, ಒದ್ದೆ ದುಪ್ಪಟಿಯನ್ನು ಮಂಚದ ಕೆಳಗೆ ತುರುಕಿಟ್ಟಿರುತ್ತಾನೆ. ಕೇಳಿದರೆ ಅಳುತ್ತಾನೆ. ಜೂನ್‌ನಲ್ಲಿ ಅವನನ್ನು ಹೊಸ ಶಾಲೆಗೆ ಸೇರಿಸಿದ್ದೇವೆ, ಅದೇ ಕಾರಣವಿರಬೇಕೆಂದು ನನ್ನ ಯಜಮಾನರು ಹೇಳುತ್ತಾರೆ. ಅತ್ತೆಯವರು ಎಳ್ಳು ಬೆಲ್ಲ ಕುಟ್ಟಿ ಉಂಡೆ ಮಾಡಿ ಮಲಗುವ ಮುನ್ನ ತಿನ್ನಿಸುತ್ತಿದ್ದಾರೆ, ಸಂಜೆಯ ನಂತರ ನೀರು ಕೊಡಬಾರದೆಂದೂ ಹೇಳಿದ್ದಾರೆ. ಇದು ತಾನಾಗಿ ಹೋಗುವಂಥದ್ದೇ? ಎಷ್ಟು ದಿನ ಕಾಯಬಹುದು? ತೋರಿಸುವುದಾದರೆ ಯಾವ ವೈದ್ಯರಿಗೆ ತೋರಿಸಬೇಕು? ತಿಳಿದವರು ದಯವಿಟ್ಟು ಹೇಳಿ.

ಬಯಲುಸೀಮೆ
ಗಾಬರಿಯಾಗಬೇಡಿ ಅಕ್ಕಾ. ನನ್ನ ತಂಗಿಯ ಮಗನಿಗೂ ಶಾಲೆ ಬದಲಾದಾಗ ಹೀಗೆಯೇ ಆಗಿತ್ತು. ಒಂದೆರಡು ತಿಂಗಳಲ್ಲಿ ಗೆಳೆಯರು ಸಿಕ್ಕ ಮೇಲೆ ತಾನಾಗಿ ನಿಂತುಹೋಯಿತು. ಈಗಲೇ ಆಸ್ಪತ್ರೆಗೆ ಕರೆದೊಯ್ದರೆ ತನಗೇನೋ ರೋಗವಿದೆ ಎಂದು ಮಗು ಇನ್ನಷ್ಟು ಕುಗ್ಗುತ್ತದೆ. ಸ್ವಲ್ಪ ಕಾದು ನೋಡುವುದೇ ಒಳ್ಳೆಯದು.

ದಾದಿ_ಕಲಬುರಗಿ
ಬಯಲುಸೀಮೆಯವರ ಮಾತನ್ನು ನಾನು ಒಪ್ಪುವುದಿಲ್ಲ. ಹುಟ್ಟಿದಾಗಿನಿಂದ ರಾತ್ರಿ ಒದ್ದೆ ಮಾಡಿಕೊಳ್ಳುತ್ತಲೇ ಬಂದ ಮಗುವಿನ ವಿಷಯ ಬೇರೆ, ಆರು ತಿಂಗಳಿಗೂ ಹೆಚ್ಚು ಕಾಲ ಒಣಗಿದ ಹಾಸಿಗೆಯಲ್ಲಿ ಮಲಗಿ ಎದ್ದ ಮಗು ಮತ್ತೆ ಶುರುಮಾಡಿದರೆ ಅದರ ವಿಷಯವೇ ಬೇರೆ. ಎರಡನೆಯದರಲ್ಲಿ ಏನೋ ಹೊಸದಾಗಿ ಬದಲಾಗಿದೆ, ಅದೇನೆಂದು ಹುಡುಕಬೇಕು.

ಹೇಮಾವತಿಯವರೇ, ಮೊದಲು ಇಷ್ಟನ್ನು ಗಮನಿಸಿ ಹೇಳಿ. ಅವನು ಮೊದಲಿಗಿಂತ ಹೆಚ್ಚು ನೀರು ಕುಡಿಯುತ್ತಿದ್ದಾನೆಯೇ, ರಾತ್ರಿ ಎದ್ದು ನೀರು ಕೇಳುತ್ತಾನೆಯೇ? ಹಗಲಿನಲ್ಲೂ ಮತ್ತೆ ಮತ್ತೆ ಮೂತ್ರಕ್ಕೆ ಹೋಗುತ್ತಾನೆಯೇ? ಚೆನ್ನಾಗಿ ಉಂಡರೂ ಇಳಿದುಹೋಗಿದ್ದಾನೆಯೇ, ಆಟದಿಂದ ಬೇಗ ಸುಸ್ತಾಗಿ ಬರುತ್ತಾನೆಯೇ? ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ನಾಳೆಯವರೆಗೆ ಕಾಯದೆ ಇಂದೇ ಸಕ್ಕರೆ ಪರೀಕ್ಷೆ ಮಾಡಿಸಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಗ್ಲೂಕೋಮೀಟರ್‌ನಲ್ಲಿ ನೋಡುತ್ತಾರೆ, ಕ್ಷಣದಲ್ಲಿ ಗೊತ್ತಾಗುತ್ತದೆ. ಆ ಪರೀಕ್ಷೆ ಆಗುವವರೆಗೆ ಬೆಲ್ಲದ ಉಂಡೆಯನ್ನು ನಿಲ್ಲಿಸಿ, ನೀರನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಸಕ್ಕರೆ ಏರಿರುವ ಮಗುವಿನ ದೇಹ ಮೂತ್ರದ ಮೂಲಕ ನೀರನ್ನು ಕಳೆದುಕೊಳ್ಳುತ್ತಿರುತ್ತದೆ. ಅಂಥ ಮಗುವಿಗೆ ಕುಡಿಯಲು ಕೊಡದಿರುವುದು ಅಪಾಯಕಾರಿ.

ಕಡಲತಡಿ
ದಾದಿಯವರು ಹೇಳಿದ ಒಂದೊಂದು ಲಕ್ಷಣವೂ ನನ್ನ ಮಗಳಲ್ಲಿ ಇದ್ದವು. ಆಗ ಅವಳಿಗೆ ಏಳು ವರ್ಷ. ಏಪ್ರಿಲ್ ತಿಂಗಳು, ಕರಾವಳಿಯ ಸೆಕೆ, ಹಾಗಾಗಿ ಚೊಂಬುಗಟ್ಟಲೆ ನೀರು ಕುಡಿಯುವುದು ಮನೆಯಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಹಾಸಿಗೆ ಒದ್ದೆಯಾದಾಗ ಹೆಚ್ಚು ನೀರು ಕುಡಿದದ್ದರಿಂದ ಎಂದುಕೊಂಡೆವು. ರಜೆಯಲ್ಲಿ ಓಡಾಡಿ ಸಣ್ಣಗಾಗಿದ್ದಾಳೆ ಎಂದು ಬಂದವರೆಲ್ಲ ಹೇಳಿದರು. ಒಂದು ದಿನ ಹೊಟ್ಟೆನೋವು, ವಾಂತಿ ಶುರುವಾಯಿತು. ಮೊದಲು ಹೋದ ಕಡೆ ಹೊಟ್ಟೆಯ ಸೋಂಕೆಂದು ಔಷಧ ಬರೆದುಕೊಟ್ಟರು, ಸಕ್ಕರೆ ನೋಡಲಿಲ್ಲ. ಮರುದಿನ ಬೆಳಿಗ್ಗೆ ಅವಳು ಮಂಪರಿನಲ್ಲಿದ್ದಳು. ಓಡಿ ಬಂದವರಂತೆ ಆಳವಾಗಿ, ವೇಗವಾಗಿ ಉಸಿರಾಡುತ್ತಿದ್ದಳು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ ಬರುತ್ತಿತ್ತು. ಮಂಗಳೂರಿನ ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಇನ್ಸುಲಿನ್ ಹನಿ ಹನಿಯಾಗಿ ಕೊಟ್ಟು ಉಳಿಸಿದರು. ದೇಹದಲ್ಲಿ ಇನ್ಸುಲಿನ್ ಉತ್ಪತ್ತಿ ನಿಂತುಹೋಗುವ ಟೈಪ್ 1 ಮಧುಮೇಹ, ಅದು ಉಲ್ಬಣಿಸಿ ಕೀಟೋಅಸಿಡೋಸಿಸ್ ಆಗಿದೆ, ಅಂದರೆ ರಕ್ತದಲ್ಲಿ ಆಮ್ಲ ಹೆಚ್ಚಾಗಿದೆ ಎಂದು ಅಲ್ಲಿನ ವೈದ್ಯರು ತಿಳಿಸಿದರು.

ಈಗ ಅವಳು ಎಂಟನೆಯ ತರಗತಿಯಲ್ಲಿದ್ದಾಳೆ, ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ, ಥ್ರೋಬಾಲ್ ತಂಡದಲ್ಲಿ ಆಡುತ್ತಾಳೆ. ನಮ್ಮ ಮನೆಗೆ ಬಂದ ಮೊದಲ ಸುಳಿವು ಆ ಒದ್ದೆಯಾದ ಹಾಸಿಗೆಯೇ ಆಗಿತ್ತು. ಇದನ್ನು ಓದುತ್ತಿರುವ ಯಾರ ಮನೆಗೇ ಆಗಲಿ ಆ ಸುಳಿವು ಬಂದಿದ್ದರೆ, ಅವರು ಅದನ್ನು ತಡಮಾಡದೆ ಗುರುತಿಸಲಿ ಎಂದು ಇಷ್ಟನ್ನೂ ಬರೆದಿದ್ದೇನೆ.

ಬಯಲುಸೀಮೆ
ನಿಮ್ಮ ಮಗಳು ಚೆನ್ನಾಗಿರುವುದನ್ನು ಕೇಳಿ ಸಂತೋಷವಾಯಿತು. ಆದರೆ ನನ್ನ ಆಕ್ಷೇಪ ಹಾಗೆಯೇ ಇದೆ. ಹಾಸಿಗೆ ಒದ್ದೆ ಮಾಡಿಕೊಳ್ಳುವ ಎಷ್ಟು ಮಕ್ಕಳಿಗೆ ಸಕ್ಕರೆ ಕಾಯಿಲೆ ಇರುತ್ತದೆ? ಒಬ್ಬರ ಅನುಭವವನ್ನು ಹಿಡಿದುಕೊಂಡು ಎಲ್ಲ ತಾಯಂದಿರನ್ನೂ ಹೆದರಿಸುವುದು ಸರಿಯೇ? ಬೆಳೆಯುತ್ತ ತಾನಾಗಿ ಹೋಗುತ್ತದೆ ಎಂದು ವೈದ್ಯರೇ ಹೇಳುವುದನ್ನು ನಾನು ಕೇಳಿದ್ದೇನೆ.

ಮಕ್ಕಳವೈದ್ಯ_ಹುಬ್ಬಳ್ಳಿ
ಬಯಲುಸೀಮೆಯವರ ಪ್ರಶ್ನೆ ನ್ಯಾಯವಾದದ್ದೇ, ಆದ್ದರಿಂದ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ. ಐದನೆಯ ವಯಸ್ಸಿನಲ್ಲಿ ನೂರಕ್ಕೆ ಸುಮಾರು 15 ಮಕ್ಕಳು, ಹತ್ತನೆಯ ವಯಸ್ಸಿನಲ್ಲಿ ನೂರಕ್ಕೆ ಸುಮಾರು 5 ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ, ಮತ್ತು ಅಂಥವರಲ್ಲಿ ಪ್ರತಿ ವರ್ಷ ನೂರಕ್ಕೆ ಹದಿನೈದರಷ್ಟು ಮಕ್ಕಳು ಯಾವ ಚಿಕಿತ್ಸೆಯೂ ಇಲ್ಲದೆ ಸರಿಹೋಗುತ್ತಾರೆ. ತಾನಾಗಿ ಹೋಗುತ್ತದೆ ಎಂದು ನಾವು ಹೇಳುವುದು ಬಹುತೇಕ ಇಂಥ ಮಕ್ಕಳ ಬಗ್ಗೆ, ಅಂದರೆ ರಾತ್ರಿಯ ಹಿಡಿತ ಇನ್ನೂ ಬಂದೇ ಇಲ್ಲದವರ ಬಗ್ಗೆ. ತಂದೆಗೋ ತಾಯಿಗೋ ಚಿಕ್ಕಂದಿನಲ್ಲಿ ಇದು ಇದ್ದಿದ್ದರೆ ಮಕ್ಕಳಿಗೂ ಬರುವುದು ಸಾಮಾನ್ಯ. ಬಂದ ಹಿಡಿತ ತಪ್ಪಿದ ಮಗುವಿಗೆ ಆ ಲೆಕ್ಕವನ್ನು ಹಾಗೆಯೇ ಅನ್ವಯಿಸಲಾಗದು.

ಹಿಡಿತ ತಪ್ಪಿದವರಲ್ಲಿಯೂ ಮಧುಮೇಹ ಇರುವವರು ಕಡಿಮೆಯೇ. ಹೆಚ್ಚಾಗಿ ಕಾಣುವುದು ಮಲಬದ್ಧತೆ, ಮೂತ್ರದ ಸೋಂಕು ಮತ್ತು ಮನಸ್ಸಿನ ಮೇಲೆ ಬಿದ್ದ ಯಾವುದೋ ಭಾರ. ಆದರೆ ಮಧುಮೇಹವನ್ನು ಮೊದಲು ನೋಡುವುದಕ್ಕೆ ಕಾರಣ ಅದು ಸಾಮಾನ್ಯ ಎಂಬುದಲ್ಲ. ಅದಕ್ಕೆ ಕಾಯುವ ತಾಳ್ಮೆ ಇಲ್ಲ ಎಂಬುದೇ ಕಾರಣ. ಮಲಬದ್ಧತೆಯ ಮಗು ಒಂದು ತಿಂಗಳು ತಡವಾಗಿ ಬಂದರೂ ನಾನು ಸರಿಪಡಿಸಬಲ್ಲೆ. ಟೈಪ್ 1 ಮಧುಮೇಹದ ಮಗುವಿಗೆ ಆ ಒಂದು ತಿಂಗಳು ಸಿಗದೇ ಹೋಗಬಹುದು. ಲಕ್ಷಣಗಳಿರುವ ಮಗುವಿನ ರಕ್ತದ ಸಕ್ಕರೆ ಯಾವ ಹೊತ್ತಿನಲ್ಲಿ ನೋಡಿದರೂ ಡೆಸಿಲೀಟರಿಗೆ 200 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ನೋಡೋಣ ಎಂದು ಮನೆಗೆ ಕಳುಹಿಸದೆ ಅಂದೇ ಆಸ್ಪತ್ರೆಗೆ ಸೇರಿಸಬೇಕು. ಕಡಲತಡಿಯವರು ವಿವರಿಸಿದ ವಾಂತಿ, ಮಂಪರು, ಆಳವಾದ ಉಸಿರಾಟ ಕಂಡರೆ 108ಕ್ಕೆ ಕರೆಮಾಡಿ, ಮಗುವಿಗೆ ಹಾಸಿಗೆ ಒದ್ದೆಯಾಗುತ್ತಿತ್ತು, ಬಾಯಾರಿಕೆ ಇತ್ತು ಎಂಬುದನ್ನು ನೋಡುವ ವೈದ್ಯರಿಗೆ ನೀವೇ ಮುಂದಾಗಿ ತಿಳಿಸಿ. ವಾಂತಿಯ ಗದ್ದಲದಲ್ಲಿ ಆ ಮಾತು ಬಿಟ್ಟುಹೋಗುವುದುಂಟು.

ಮಗುವಿನ ಮುಖ ಬೆಳಿಗ್ಗೆ ಊದಿಕೊಂಡಿದ್ದರೆ, ಮೂತ್ರ ಕೆಂಪಗೆ ಅಥವಾ ಡಿಕಾಕ್ಷನ್ ಬಣ್ಣದಲ್ಲಿ ಬರುತ್ತಿದ್ದರೆ, ಜ್ವರ ಅಥವಾ ಮೂತ್ರ ಮಾಡುವಾಗ ಉರಿ ಇದ್ದರೆ ಕೂಡ ತಡಮಾಡಬಾರದು. ನಿದ್ದೆಯಲ್ಲಿ ನಾಲಿಗೆ ಕಚ್ಚಿಕೊಂಡ ಗುರುತು ಇದ್ದು, ಬೆಳಿಗ್ಗೆ ಮಗು ದಿಕ್ಕುತೋಚದಂತೆ ಇದ್ದರೆ ರಾತ್ರಿ ಫಿಟ್ಸ್ ಬಂದಿರಬಹುದೇ ಎಂದು ನೋಡಬೇಕಾಗುತ್ತದೆ. ಇವು ಯಾವುವೂ ಇಲ್ಲದಿದ್ದರೂ, ಹೊಸದಾಗಿ ಶುರುವಾದದ್ದಕ್ಕೆ ಅದೇ ವಾರದಲ್ಲಿ ಒಂದು ಮೂತ್ರಪರೀಕ್ಷೆ ಆಗಲೇಬೇಕು.

ಜೋಳದ_ರೊಟ್ಟಿ
ಗೊರಕೆಯನ್ನೂ ಸೇರಿಸಿ ಸರ್. ನಮ್ಮ ಅಣ್ಣನ ಮಗನಿಗೆ ಮೂಗಿನ ಹಿಂದಿನ ಅಡಿನಾಯ್ಡ್ ಬೆಳೆದು, ಬಾಯಿ ತೆರೆದು ಗೊರಕೆ ಹೊಡೆಯುತ್ತಾ ಮಲಗುತ್ತಿದ್ದ, ಅದರ ಜೊತೆಯಲ್ಲೇ ಕೌದಿ ಒದ್ದೆಯಾಗುವುದೂ ಶುರುವಾಗಿತ್ತು. ಅಡಿನಾಯ್ಡ್ ತೆಗೆದ ಮೇಲೆ ಎರಡೂ ನಿಂತವು.

ಸಹ್ಯಾದ್ರಿ
ನಮ್ಮೂರಿನ ಕಡೆ ಹಿರಿಯರು ಇದಕ್ಕೆ ಕಾಯಿಸಿದ ಬಳೆಯಿಂದ ಹೊಕ್ಕುಳ ಕೆಳಗೆ ಬರೆ ಹಾಕುತ್ತಿದ್ದರು. ನಮ್ಮ ಚಿಕ್ಕಪ್ಪನಿಗೆ ಹಾಕಿದ ಗುರುತು ಈಗಲೂ ಇದೆ. ಅದಾದ ಮೇಲೆ ಅವರು ಮತ್ತೆ ಹಾಸಿಗೆ ಒದ್ದೆ ಮಾಡಲಿಲ್ಲವಂತೆ. ಈಗಿನ ಕಾಲಕ್ಕೆ ಅದು ಸರಿಯಲ್ಲ ಎಂಬುದು ನನಗೂ ಗೊತ್ತು, ಆದರೆ ಸ್ವಲ್ಪ ಹೆದರಿಕೆ ಇದ್ದರೆ ಮಕ್ಕಳು ಎಚ್ಚರವಾಗಿರುತ್ತಾರೆ ಎಂಬ ಮಾತಿನಲ್ಲಿ ಸತ್ಯವಿಲ್ಲವೇ?

ಟೀಚರಮ್ಮ_ತುಮಕೂರು
ಇಲ್ಲ, ಖಂಡಿತವಾಗಿಯೂ ಇಲ್ಲ. ನಿದ್ದೆಯಲ್ಲಿರುವ ಮಗು ಬೇಕೆಂದು ಮೂತ್ರ ಮಾಡುವುದಿಲ್ಲ, ಬೇಡವೆಂದು ತಡೆಯುವುದಕ್ಕೂ ಅದಕ್ಕೆ ಆಗುವುದಿಲ್ಲ. ಹಾಗಿರುವಾಗ ಹೆದರಿಕೆಯಿಂದ ಕಲಿಯುವಂಥದ್ದು ಅಲ್ಲಿ ಏನಿದೆ? ಹೆದರಿದ ಮಗು ಕಲಿಯುವುದು ಮುಚ್ಚಿಡುವುದನ್ನು ಮಾತ್ರ. ಹೇಮಾವತಿಯವರ ಮಗ ದುಪ್ಪಟಿಯನ್ನು ಮಂಚದ ಕೆಳಗೆ ಬಚ್ಚಿಡುತ್ತಿದ್ದಾನೆ. ಇನ್ನೊಂದು ಮಾತು ಬಿದ್ದರೆ ತನಗೆ ಬಾಯಾರಿಕೆ ಹೆಚ್ಚಾಗಿದೆ, ಮೂತ್ರ ಮಾಡುವಾಗ ಉರಿಯುತ್ತಿದೆ ಎಂಬುದನ್ನೂ ಹೇಳದೇ ಇರುತ್ತಾನೆ. ನಿಮ್ಮ ಚಿಕ್ಕಪ್ಪನವರಿಗೆ ವಯಸ್ಸಾದಂತೆ ನಿಂತದ್ದು ಬರೆಯ ಲೆಕ್ಕಕ್ಕೆ ಸೇರಿಕೊಂಡಿರಬೇಕು. ಮಗುವಿನ ಮೈ ಸುಡುವುದು ಇಂದು ಬಾಲನ್ಯಾಯ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ.

ಸಹ್ಯಾದ್ರಿ
ಒಪ್ಪುತ್ತೇನೆ ಟೀಚರ್. ಮಗು ಲಕ್ಷಣಗಳನ್ನೇ ಮುಚ್ಚಿಡಬಹುದು ಎಂಬ ಕಡೆಯಿಂದ ನಾನು ಯೋಚಿಸಿರಲಿಲ್ಲ.

ಹೇಮಾವತಿ_ತೀರ
ಎಲ್ಲರಿಗೂ ಧನ್ಯವಾದಗಳು. ಇಂದೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ರಕ್ತದಲ್ಲಾಗಲಿ ಮೂತ್ರದಲ್ಲಾಗಲಿ ಸಕ್ಕರೆಯ ತೊಂದರೆ ಇಲ್ಲ. ಮೂತ್ರದಲ್ಲಿ ಸ್ವಲ್ಪ ಕೀವುಕಣಗಳಿವೆ ಎಂದು, ಸೋಂಕಿನ ರೋಗಾಣು ಯಾವುದೆಂದು ತಿಳಿಯಲು ಕಲ್ಚರ್‌ಗೆ ಕಳುಹಿಸಿದ್ದಾರೆ. ಆದರೆ ವೈದ್ಯೆ ಅವನ ಹೊಟ್ಟೆ ಮುಟ್ಟಿ ನೋಡಿ, ಎಡಭಾಗದ ಕೆಳಗೆ ಮಲ ಗಟ್ಟಿಯಾಗಿ ಕೂತಿದೆ ಎಂದರು. ವಿಚಾರಿಸಿದಾಗ ವಾರಕ್ಕೆ ಎರಡೇ ಸಲ ಹೋಗುತ್ತಾನೆ, ಅದೂ ಅತ್ತುಕೊಂಡು ಎಂಬುದು ತಿಳಿಯಿತು. ಅವನು ದೊಡ್ಡವನಾದ ಮೇಲೆ ನಾವು ಇದನ್ನೆಲ್ಲ ಕೇಳುವುದನ್ನೇ ಬಿಟ್ಟಿದ್ದೆವು. ಹೊಸ ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ದೊಡ್ಡ ಹುಡುಗರು ಬಾಗಿಲು ತಳ್ಳಿ ನಗುತ್ತಾರೆ, ಹಾಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ತಡೆದುಕೊಂಡೇ ಬರುತ್ತೇನೆ ಎಂದು ವೈದ್ಯೆಯ ಮುಂದೆ ಹೇಳಿದ. ಮಲಬದ್ಧತೆಗೂ ರಾತ್ರಿಯ ಮೂತ್ರಕ್ಕೂ ಸಂಬಂಧ ಹೇಗೆ ಎಂಬುದು ಮಾತ್ರ ನನಗೆ ಪೂರ್ತಿ ಅರ್ಥವಾಗಲಿಲ್ಲ.

ಮಕ್ಕಳವೈದ್ಯ_ಹುಬ್ಬಳ್ಳಿ
ಗುದನಾಳ ಮತ್ತು ಮೂತ್ರಕೋಶ ಒಂದೇ ಕಿರಿದಾದ ಜಾಗದಲ್ಲಿ ಹಿಂದೆ ಮುಂದೆ ಇವೆ. ಒಂಬತ್ತು ವರ್ಷದ ಮಗುವಿನ ಮೂತ್ರಕೋಶ ಸುಮಾರು 300 ಮಿಲಿಲೀಟರ್ ಹಿಡಿಯಬೇಕು. ವಯಸ್ಸಿಗೆ ಒಂದನ್ನು ಕೂಡಿಸಿ ಮೂವತ್ತರಿಂದ ಗುಣಿಸುವುದು ನಮ್ಮ ಲೆಕ್ಕ. ಹಿಂದಿನಿಂದ ಗಟ್ಟಿ ಮಲ ಒತ್ತುತ್ತಿದ್ದರೆ ಅದು ಹಿಗ್ಗಲು ಜಾಗ ಸಾಲದು, ಅರ್ಧ ತುಂಬುವ ಮೊದಲೇ ತಾನಾಗಿ ಸಂಕುಚಿಸಲು ತೊಡಗುತ್ತದೆ. ಹಗಲಿನಲ್ಲಿ ಮಗು ಕಾಲು ಹೆಣೆದುಕೊಂಡೋ ಕುಕ್ಕರಿಸಿಯೋ ತಡೆಯುತ್ತದೆ, ನಿದ್ದೆಯಲ್ಲಿ ತಡೆಯುವವರು ಯಾರು? ಮೂತ್ರವನ್ನು ಗಂಟೆಗಟ್ಟಲೆ ಕಟ್ಟಿಕೊಳ್ಳುವುದರಿಂದ ಸೋಂಕು ಬರುವ ಸಾಧ್ಯತೆಯೂ ಹೆಚ್ಚುತ್ತದೆ.

ಬರೆದುಕೊಟ್ಟಿರುವ ಮಲ ಸಡಿಲಿಸುವ ಔಷಧವನ್ನು ನಾಲ್ಕು ದಿನ ಕೊಟ್ಟು, ಹೊಟ್ಟೆ ಸರಿಯಾಯಿತೆಂದು ನಿಲ್ಲಿಸಬೇಡಿ. ಹಿಗ್ಗಿದ ಗುದನಾಳ ತನ್ನ ಮೊದಲಿನ ಅಳತೆಗೆ ಮರಳಲು ತಿಂಗಳುಗಳೇ ಬೇಕು, ಹಾಗಾಗಿ ಪ್ರಮಾಣವನ್ನು ನಿಮ್ಮ ವೈದ್ಯೆ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಬೆಳಿಗ್ಗೆ ತಿಂಡಿಯಾದ ಮೇಲೆ ಐದರಿಂದ ಹತ್ತು ನಿಮಿಷ ಶೌಚಕ್ಕೆ ಕೂರಿಸಿ, ಉಂಡ ನಂತರ ಕರುಳು ತಾನಾಗಿ ಚಲಿಸುತ್ತದೆ. ಕಮೋಡ್ ಇದ್ದರೆ ಕಾಲು ಜೋತಾಡದಂತೆ ಕೆಳಗೊಂದು ಮಣೆ ಇಡಿ. ನೀರನ್ನು ಹಗಲಿನಲ್ಲಿ ಹೆಚ್ಚು ಕುಡಿಸಿ, ಮಲಗುವ ಹೊತ್ತಿಗೆ ಬಾಯಾರಿಕೆಗೆ ತಕ್ಕಷ್ಟು ಕೊಡಿ. ಸಂಜೆಯ ಕಾಫಿ, ಟೀ ಮತ್ತು ಕೋಲಾಗಳನ್ನು ಬಿಡಿಸಿ.

ಟೀಚರಮ್ಮ_ತುಮಕೂರು
ಹೇಮಾವತಿಯವರೇ, ಚಿಲಕದ ವಿಷಯವನ್ನು ಮುಖ್ಯೋಪಾಧ್ಯಾಯರಿಗೆ ಬಾಯಲ್ಲಿ ಹೇಳಿ ಬಿಡದೆ ಕಾಗದದಲ್ಲಿ ಬರೆದು ಕೊಡಿ. ನಿಮ್ಮ ಮಗನ ರಾತ್ರಿಯ ವಿಷಯವನ್ನು ಅದರಲ್ಲಿ ತರುವ ಅಗತ್ಯವಿಲ್ಲ. ಬಾಗಿಲಿಗೆ ಚಿಲಕವಿಲ್ಲ, ಮಕ್ಕಳು ಶೌಚಕ್ಕೆ ಹೋಗುತ್ತಿಲ್ಲ ಎಂಬಷ್ಟೇ ಸಾಕು. ತರಗತಿಯ ನಡುವೆ ಕೇಳಿದಾಗ ಅವನನ್ನು ಬಿಡಬೇಕೆಂದು ವೈದ್ಯರ ಚೀಟಿಯೊಂದನ್ನು ತರಗತಿ ಶಿಕ್ಷಕರಿಗೆ ಮಾತ್ರ ತೋರಿಸಿ. 2019ರಲ್ಲಿ ಕೇರಳವನ್ನು ನೋಡಿ ನಮ್ಮ ರಾಜ್ಯದ ಶಾಲೆಗಳಲ್ಲೂ ನೀರು ಕುಡಿಯುವ ಗಂಟೆ ಬಾರಿಸುವ ಕ್ರಮ ಬಂದಿತ್ತು. ಆದರೆ ಶೌಚಾಲಯ ಸರಿಯಿಲ್ಲದ ಕಡೆ ಆ ಗಂಟೆಗೆ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬಾಟಲಿಯನ್ನು ತುಟಿಗೆ ತಾಗಿಸಿ ಇಟ್ಟುಬಿಡುವುದನ್ನು ನಾನು ನೋಡಿದ್ದೇನೆ.

ಬಯಲುಸೀಮೆ
ಹಾಗಾದರೆ ಕೊನೆಗೆ ಶಾಲೆಯೇ ಕಾರಣವಾಯಿತಲ್ಲ. ನಾನು ಮೊದಲೇ ಹೇಳಿದ್ದೆ.

ದಾದಿ_ಕಲಬುರಗಿ
ಶಾಲೆಯೇ ಕಾರಣ ಎಂಬುದು ನಿಜ, ಆದರೆ ಅದು ಹೊಟ್ಟೆಯ ದಾರಿಯಲ್ಲಿ ಬಂದಿದೆ. ಹೊಟ್ಟೆ ಮುಟ್ಟಿ ನೋಡದೆ ಗೆಳೆಯರು ಸಿಗುವವರೆಗೆ ಕಾದಿದ್ದರೆ ಮಲ ಇನ್ನಷ್ಟು ಗಟ್ಟಿಯಾಗುತ್ತಿತ್ತು, ಸೋಂಕು ಮೇಲಕ್ಕೇರುತ್ತಿತ್ತು. ನಿಮ್ಮ ಊಹೆ ಸರಿಯಿದ್ದಾಗಲೂ ಪರೀಕ್ಷೆ ಬೇಕೆಂಬುದೇ ನನ್ನ ವಾದ.

ನ್ಯೂಜೆರ್ಸಿ_ಕನ್ನಡಿಗ
ಇಲ್ಲಿ ನಮ್ಮ ಪರಿಚಿತರ ಮಗುವಿಗೆ ಒದ್ದೆಯಾದ ಕೂಡಲೇ ಗಂಟೆ ಬಾರಿಸುವ ಅಲಾರಂ ಕೊಟ್ಟಿದ್ದರು, ಇನ್ನೊಬ್ಬರಿಗೆ ಡೆಸ್ಮೋಪ್ರೆಸಿನ್ ಮಾತ್ರೆ. ಎರಡೂ ಭಾರತದಲ್ಲಿಯೂ ಸಿಗುತ್ತವೆ ಎಂದು ಕೇಳಿದ್ದೇನೆ. ಅವುಗಳನ್ನು ನೇರವಾಗಿ ಪ್ರಯತ್ನಿಸಬಾರದೇಕೆ?

ಮಕ್ಕಳವೈದ್ಯ_ಹುಬ್ಬಳ್ಳಿ
ಎರಡೂ ಒಳ್ಳೆಯ ಚಿಕಿತ್ಸೆಗಳೇ, ಆದರೆ ಮೂಲ ಕಾರಣವನ್ನು ನೋಡಿ ಸರಿಪಡಿಸಿದ ಮೇಲೂ ಒದ್ದೆಯಾಗುವುದು ಉಳಿದರೆ ಮಾತ್ರ ಆ ಕಡೆಗೆ ಹೋಗಬೇಕು. ಅಲಾರಂ ಕೆಲಸ ಮಾಡಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು, ಮೊದಮೊದಲು ಗಂಟೆಗೆ ಮಗುವಿನ ಬದಲು ಮನೆಯವರೇ ಏಳುತ್ತಾರೆ, ಆದರೆ ಅದರಿಂದ ಬಂದ ಹಿಡಿತ ಹೆಚ್ಚು ಕಾಲ ಉಳಿಯುತ್ತದೆ. ಡೆಸ್ಮೋಪ್ರೆಸಿನ್ ರಾತ್ರಿ ಮೂತ್ರ ಉತ್ಪತ್ತಿಯಾಗುವುದನ್ನು ಕಡಿಮೆ ಮಾಡುತ್ತದೆ. ಅದನ್ನು ನುಂಗಿದ ಮೇಲೆ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವ ಅಪಾಯವಿದೆ, ಆದ್ದರಿಂದ ಮಾತ್ರೆಗೆ ಒಂದು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ನೀರನ್ನು ಬಹಳ ಮಿತಗೊಳಿಸಬೇಕು. ಪರಿಚಿತರ ಮಗುವಿಗೆ ಬರೆದುಕೊಟ್ಟ ಚೀಟಿ ಹಿಡಿದು ಔಷಧದ ಅಂಗಡಿಗೆ ಹೋಗುವಂಥ ಮಾತ್ರೆ ಅದಲ್ಲ.

ಆಪ್ತಸಮಾಲೋಚಕಿ_ಮೈಸೂರು
ಇದುವರೆಗೆ ಯಾರೂ ಹೇಳದ ಒಂದು ವಿಷಯವನ್ನು ನಾನು ಹೇಳಲೇಬೇಕಾಗಿದೆ. ತಮ್ಮನೋ ತಂಗಿಯೋ ಹುಟ್ಟಿದಾಗ, ಮನೆಯಲ್ಲಿ ಸಾವಾದಾಗ, ತಂದೆ ತಾಯಿ ಬೇರೆಯಾದಾಗ, ಹಾಸ್ಟೆಲಿಗೆ ಸೇರಿಸಿದಾಗ ದೊಡ್ಡ ಮಕ್ಕಳೂ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ. ಕೆಲವೊಮ್ಮೆ ಯಾರಾದರೂ ಮಗುವಿನ ಮೈಮುಟ್ಟಿ ಕಿರುಕುಳ ಕೊಡುತ್ತಿರುವುದು ಕೂಡ ಕಾರಣವಾಗಿರುತ್ತದೆ. ಒದ್ದೆಯಾದ ಹಾಸಿಗೆಯೊಂದರಿಂದಲೇ ಆ ತೀರ್ಮಾನಕ್ಕೆ ಬರಬಾರದು. ಆದರೆ ಅದರ ಜೊತೆಗೆ ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಹೆದರುವುದು, ಒಂದು ಮನೆಗೆ ಅಥವಾ ಟ್ಯೂಷನ್ನಿಗೆ ಹೋಗಲು ಒಲ್ಲೆ ಎನ್ನುವುದು, ಗುಪ್ತಾಂಗದಲ್ಲಿ ನೋವು ಅಥವಾ ಗಾಯ, ಇದ್ದಕ್ಕಿದ್ದಂತೆ ಮೌನವಾಗುವುದು ಕಂಡರೆ ಕೇಳಬೇಕು. ಕೇಳುವಾಗ ಒಂದು ಸಲ, ನಿಧಾನವಾಗಿ, ಉತ್ತರವನ್ನು ನೀವೇ ಬಾಯಿಗೆ ಹಾಕದಂತೆ ಕೇಳಿ. ಮಗು ಹೇಳಿದ್ದನ್ನು ನಂಬಿ, ತಪ್ಪು ನಿನ್ನದಲ್ಲ ಎಂದು ಹೇಳಿ. ಬಂಧುಗಳ ಮುಂದೆಲ್ಲ ಮತ್ತೆ ಮತ್ತೆ ಹೇಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಬಹುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಂತೆ ಇಂಥದ್ದು ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ವೈದ್ಯರಿಗೂ ಶಿಕ್ಷಕರಿಗೂ ಅದು ಅನ್ವಯಿಸುತ್ತದೆ.

ಮನಸ್ಸಿನ ಬೇರೆ ಭಾರಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿಗೆ ಹೋಗಿಬರಲು ಅನುಕೂಲವಿರುವವರಿಗೆ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ಮನೋವೈದ್ಯಕೀಯ ವಿಭಾಗವಿದೆ.

ಬಯಲುಸೀಮೆ
ಇದನ್ನು ಇಲ್ಲಿ ಬರೆಯಬೇಕಾಗಿರಲಿಲ್ಲ ಎಂದು ಮೊದಲು ಅನ್ನಿಸಿತು. ಎರಡನೆಯ ಸಲ ಓದಿದಾಗ ಬರೆದದ್ದೇ ಒಳ್ಳೆಯದಾಯಿತು ಎನ್ನಿಸಿತು.

ಜೋಳದ_ರೊಟ್ಟಿ
ರಾತ್ರಿ ಹನ್ನೆರಡಕ್ಕೆ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವುದು ಸರಿಯೋ ತಪ್ಪೋ? ನಮ್ಮ ಮನೆಯಲ್ಲಿ ಇದೇ ಜಗಳ ನಡೆಯುತ್ತಿದೆ.

ದಾದಿ_ಕಲಬುರಗಿ
ಅದರಿಂದ ಆ ರಾತ್ರಿಯ ಹಾಸಿಗೆ ಒಣಗಿರಬಹುದು, ಮಗುವಿಗೆ ಹಿಡಿತ ಬರುವುದಿಲ್ಲ. ಮದುವೆ ಮನೆಗೋ ಪ್ರಯಾಣಕ್ಕೋ ಹೋದಾಗ ಎಬ್ಬಿಸಿ, ತಪ್ಪೇನಿಲ್ಲ. ಉಳಿದ ದಿನಗಳಲ್ಲಿ ಹಾಸಿಗೆಯ ಮೇಲೆ ರಬ್ಬರ್ ಶೀಟ್ ಹಾಸಿ, ಅದರ ಮೇಲೊಂದು ಹಳೆಯ ದುಪ್ಪಟಿ ಹಾಕಿ, ಮಲಗುವ ಮುಂಚೆ ಮೂತ್ರ ಮಾಡಿಸಿ ನಿದ್ದೆ ಮಾಡಲು ಬಿಡಿ. ಬೆಳಿಗ್ಗೆ ಬಟ್ಟೆ ತೆಗೆದಿಡಲು ಮಗು ತಾನಾಗಿ ಕೈಜೋಡಿಸಿದರೆ ಒಳ್ಳೆಯದು, ಶಿಕ್ಷೆಯಾಗಿ ಒಗೆಸಬೇಡಿ.

ತುಂಗೆಯ_ದಡ
ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ನನ್ನ ಅಕ್ಕನ ಮಗಳಿಗೆ ಹನ್ನೊಂದು ವರ್ಷ. ಈಚೆಗೆ ರಾತ್ರಿ ಮಾತ್ರವಲ್ಲ, ಹಗಲಿನಲ್ಲೂ ಅವಳಿಗೆ ಗೊತ್ತಿಲ್ಲದಂತೆಯೇ ಮೂತ್ರ ತೊಟ್ಟಿಕ್ಕುತ್ತದೆ. ಸಕ್ಕರೆ ಪರೀಕ್ಷೆ ಸರಿಯಿದೆ, ಮಲಬದ್ಧತೆ ಇದೆ. ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಾಳೆ, ಚಪ್ಪಲಿ ಜಾರಿಹೋಗುತ್ತದೆ. ಸೊಂಟದ ಹಿಂದೆ ಹುಟ್ಟಿನಿಂದಲೂ ಕೂದಲಿನ ಗುಚ್ಛವೊಂದಿದೆ, ಅದನ್ನು ಅದೃಷ್ಟದ ಗುರುತೆಂದು ಮನೆಯವರು ಹೇಳುತ್ತಿದ್ದರು. ಇದಕ್ಕೂ ಅದಕ್ಕೂ ಸಂಬಂಧವಿರಬಹುದೇ?

ಮಕ್ಕಳವೈದ್ಯ_ಹುಬ್ಬಳ್ಳಿ
ಇರಬಹುದು, ಮತ್ತು ಇದು ಕಾಯುವಂಥದ್ದಲ್ಲ. ಬೆನ್ನುಹುರಿಯ ತುದಿ ಕೆಳಗೆ ಅಂಟಿಕೊಂಡಿದ್ದರೆ, ಮಗು ಎತ್ತರಕ್ಕೆ ಬೆಳೆಯುವ ವಯಸ್ಸಿನಲ್ಲಿ ಅದು ಜಗ್ಗಿದಂತಾಗಿ ಮೂತ್ರಕೋಶ, ಕರುಳು ಮತ್ತು ಕಾಲಿನ ನರಗಳು ಸೊರಗುತ್ತವೆ. ಸೊಂಟದ ನಡುಗೆರೆಯ ಮೇಲೆ ಕೂದಲಿನ ಗುಚ್ಛ, ಆಳವಾದ ಗುಳಿ ಅಥವಾ ಕೊಬ್ಬಿನ ಉಬ್ಬು ಇರುವುದು ಅದರ ಹೊರಗುರುತಾಗಿರಬಹುದು. ಮಲಬದ್ಧತೆ ಇದೆ ಎಂದು ಅದಕ್ಕೆ ಮಾತ್ರ ಔಷಧ ಕೊಡುತ್ತಾ ಕೂರಬೇಡಿ. ನಾಳೆ ಬೆಳಿಗ್ಗೆಯೇ ಮಕ್ಕಳ ತಜ್ಞರಿಗೆ ತೋರಿಸಿ, ಹಗಲಿನಲ್ಲಿ ತೊಟ್ಟಿಕ್ಕುವುದು, ಕಾಲೆಳೆಯುವುದು, ಕೂದಲಿನ ಗುಚ್ಛ ಈ ಮೂರನ್ನೂ ಒಟ್ಟಿಗೆ ಹೇಳಿ. ಕಾಲಿನ ಶಕ್ತಿ ಮತ್ತು ಸ್ಪರ್ಶವನ್ನು ಪರೀಕ್ಷಿಸಿ ಅವರು ಬೆನ್ನಿನ ಎಂಆರ್‌ಐ ಬರೆಯುತ್ತಾರೆ, ಜೊತೆಗೆ ಮೂತ್ರಪಿಂಡಗಳ ಸ್ಕ್ಯಾನಿಂಗ್ ಕೂಡ ಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ಬೇಕಾದರೆ ಮಕ್ಕಳ ನರಶಸ್ತ್ರತಜ್ಞರಿರುವ ಆಸ್ಪತ್ರೆಗೆ ಕಳುಹಿಸುತ್ತಾರೆ. ಈ ನಡುವೆ ಅವಳ ಕಾಲು ಇನ್ನಷ್ಟು ಸೋತರೆ ಅಥವಾ ಮೂತ್ರ ಪೂರ್ತಿ ಕಟ್ಟಿಕೊಂಡರೆ ಬೆಳಗಾಗುವವರೆಗೂ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ತುಂಗೆಯ_ದಡ
ಅಕ್ಕನಿಗೆ ಈಗಲೇ ಫೋನ್ ಮಾಡುತ್ತಿದ್ದೇನೆ ಸರ್. ನೀವು ಬರೆದದ್ದನ್ನು ಹಾಗೆಯೇ ಚೀಟಿಯಲ್ಲಿ ಬರೆದುಕೊಂಡು ವೈದ್ಯರಿಗೆ ತೋರಿಸಲು ಹೇಳುತ್ತೇನೆ.